ಹಾಸಿಗೆಯಲ್ಲಿ ಬೀಡಿ ಬೇಡ

ಆಲಪ್ಪುಳದ ಹತ್ತಿರದ ಆ ವೃದ್ಧಾಶ್ರಮದಲ್ಲಿ ವಾವಚ್ಚನ್ ಅವರಿಗೆ ಇದ್ದದ್ದು ಒಂದೇ ಕೊರಗು. ಬೀಡಿ ಸೇದಬೇಕೆಂದರೆ ಹಿತ್ತಲಿನ ಚಪ್ಪರಕ್ಕೆ ಹೋಗಬೇಕು, ಜೊತೆಗೊಬ್ಬರು ಇರಬೇಕು. ಬದುಕಿಡೀ ದೋಣಿ ನಡೆಸುತ್ತಲೇ ಬೀಡಿ ಸೇದಿದ ತನಗೆ ಈಗೇಕೆ ಕಾವಲು ಎಂದು ಗೊಣಗುತ್ತಿದ್ದರು. ಅಪ್ಪನ ಸಪ್ಪೆ ಮುಖ ನೋಡಲಾರದೆ ಮಗಳು ಲಿಸ್ಸಿ, ತಿಂಡಿ ಡಬ್ಬಿಯಲ್ಲಿ ಬೀಡಿ, ಬೆಂಕಿಪೊಟ್ಟಣ ಬಚ್ಚಿಟ್ಟು ತಂದುಕೊಟ್ಟಳು.

ಪಕ್ಕದ ಮಂಚದಲ್ಲಿ ಗೆಳೆಯ ಕುರ್ಯಾಕೋಸ್. ಅವರಿಗೆ ಉಬ್ಬಸ, ಸದಾ ಮೂಗಿಗೆ ಆಕ್ಸಿಜನ್ ನಳಿಕೆ.

ಒಂದು ದಿನ ಊಟವಾದ ಮೇಲೆ ವಾವಚ್ಚನ್ ಗೋಡೆಯ ಕಡೆ ತಿರುಗಿ ಮಲಗಿ ಬೀಡಿ ಹಚ್ಚಿದರು. ಮಾತ್ರೆಯ ಮಂಪರಿಗೆ ಕಣ್ಣು ಮುಚ್ಚಿತು. ಬೀಡಿ ಹೊದಿಕೆಯ ಮೇಲೆ ಬಿತ್ತು. ಹೊಗೆ ಕಂಡ ಕುರ್ಯಾಕೋಸ್, ಕೂಗಲು ಉಸಿರಿಲ್ಲದೆ, ಸ್ಟೀಲ್ ಲೋಟದಿಂದ ಮಂಚದ ಕಂಬಿ ಬಡಿದರು. ನರ್ಸ್ ಬಿನ್ಸಿ ಓಡಿ ಬಂದು ಹೊದಿಕೆ ಎಳೆದೆಸೆದು ನೀರು ಸುರಿದಳು. ಹಿಂದೆಯೇ ಬಂದ ಆಯಾ, ಆಕ್ಸಿಜನ್ ನಿಲ್ಲಿಸಿ ಕುರ್ಯಾಕೋಸರ ಮಂಚವನ್ನೇ ಹೊರಗೆ ತಳ್ಳಿದಳು. ವಾವಚ್ಚನ್ ಅವರ ತೊಡೆ ಅಂಗೈಯಗಲ ಸುಟ್ಟಿತ್ತು.

ಸಂಜೆ ಲಿಸ್ಸಿ ಬಂದಳು. ಅಪ್ಪನ ಗಾಯ ಬಿಟ್ಟರೆ ಹೊದಿಕೆ ತಾನೇ ಸುಟ್ಟದ್ದು, ಪಕ್ಕದವರ ಬಗ್ಗೆ ಇಷ್ಟೊಂದು ಗಾಬರಿ ಯಾಕೆ ಎಂದು ಬಿನ್ಸಿಯನ್ನು ಕೇಳಿದಳು. "ಆಕ್ಸಿಜನ್ ಅಂದ್ರೆ ಬರೀ ಗಾಳಿ ಅಲ್ವಾ ಸಿಸ್ಟರ್?"

"ಅದು ತಾನಾಗಿ ಉರಿಯಲ್ಲ ಅಕ್ಕಾ. ಆದ್ರೆ ಹೊತ್ಕೊಂಡಿದ್ದನ್ನ ಭುಗ್ಗಂತ ಎಬ್ಬಿಸುತ್ತೆ. ಕುರ್ಯಾಕೋಸ್ ಅವರ ಹಾಸಿಗೆ, ಬಟ್ಟೆ, ಕೂದಲಲ್ಲೆಲ್ಲ ಅದು ಸೇರ್ಕೊಂಡಿರುತ್ತೆ. ಒಂದು ಕಿಡಿ ಆ ಕಡೆ ಹಾರಿದ್ರೂ ಸಾಕಿತ್ತು."

ವಾವಚ್ಚನ್ ಕುಂಟುತ್ತಾ ಹೋಗಿ ಗೆಳೆಯನ ಮಂಚದ ಬಳಿ ನಿಂತರು. ಕುರ್ಯಾಕೋಸ್ ಉಸಿರು ಕೂಡಿಸಿಕೊಂಡು ಹೇಳಿದರು:

"ನಿನ್ನ ದೋಣಿಗೆ ಬೆಂಕಿ ಬಿದ್ರೆ ನೀನು ನೀರಿಗೆ ಹಾರ್ತಿದ್ದೆ. ನಾನು ಎಲ್ಲಿಗೆ ಹಾರ್ಲೋ?"

ವಾವಚ್ಚನ್ ತಮ್ಮ ಮಂಚಕ್ಕೆ ಹಿಂದಿರುಗಿದರು. ದಿಂಬಿನಡಿಯ ಬೀಡಿ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ತಂದು ತಾವೇ ಬಿನ್ಸಿಯ ಕೈಗಿಟ್ಟರು. ಲಿಸ್ಸಿ ತಲೆತಗ್ಗಿಸಿ, ಇನ್ನು ಮುಂದೆ ಏನು ತಂದರೂ ನಿಮಗೇ ಕೊಡುತ್ತೇನೆ ಸಿಸ್ಟರ್ ಎಂದಳು. ಈಗ ವಾವಚ್ಚನ್ ಜೊತೆಗೊಬ್ಬರನ್ನು ಕರೆದುಕೊಂಡು ಚಪ್ಪರದಲ್ಲಿ, ಬೆಂಕಿ ತಗಲದ ಮೇಲಂಗಿ ತೊಟ್ಟು ಬೀಡಿ ಸೇದುತ್ತಾರೆ. ತುಂಡನ್ನು ಮರಳಿನ ಡಬ್ಬಿಯಲ್ಲಿ ಹೊಸಕುತ್ತಾರೆ. ಬಿಡುವುದು ಹೇಗೆಂದು ಡಾಕ್ಟರನ್ನೂ ಕೇಳಿದ್ದಾರೆ.

ನಿಮ್ಮ ಮನೆಯ ಹಿರಿಯರು ವೃದ್ಧಾಶ್ರಮದಲ್ಲಿದ್ದಾರೆಯೇ? ಪ್ರೀತಿಯಿಂದಲೂ ಬೀಡಿ, ಬೆಂಕಿಪೊಟ್ಟಣ ಗುಟ್ಟಾಗಿ ಕೊಡಬೇಡಿ. ಹಾಸಿಗೆಯಲ್ಲಿ, ಆಕ್ಸಿಜನ್ ಇರುವಲ್ಲಿ ಯಾರೂ ಸೇದದಂತೆ ನೋಡಿಕೊಳ್ಳಿ. ಪಕ್ಕದ ಮಂಚದಲ್ಲಿ ಎದ್ದು ಓಡಲಾಗದವರು ಮಲಗಿರುತ್ತಾರೆ. ಅವರ ಮಕ್ಕಳೂ ನಿಮ್ಮನ್ನೇ ನಂಬಿದ್ದಾರೆ.