ಊದಬೇಡಿ, ಅತ್ತೆ

ತರಬೇತಿಯ ಗೊಂಬೆಯ ಕುತ್ತಿಗೆಯಲ್ಲಿ ಕ್ಯಾತಿಟರ್ ಸಿಕ್ಕಿಸಿತ್ತು. ಸೊಸೆಯ ಗಂಟಲಲ್ಲಿ ಮಾತು ಸಿಕ್ಕಿಕೊಂಡಿತ್ತು.

ಐಸಿಯು ನರ್ಸುಗಳಿಗೆ ತರಬೇತಿ ಕೊಡುವ ಕೆಲಸ ಅವಳ ತಲೆಗೆ ಬಂದದ್ದು ಹೋದ ತಿಂಗಳು. ಹೃದಯದ ಹತ್ತಿರದವರೆಗೂ ಇಳಿಯುವ ಆ ಸಣ್ಣ ಕೊಳವೆಯ ಜೊತೆ ಕ್ರಿಮಿಗಳೂ ಇಳಿದು, ಮೂವರು ರೋಗಿಗಳ ರಕ್ತಕ್ಕೆ ನಂಜೇರಿತ್ತು. ವಾರವಿಡೀ ಗೋಡೆಗೊರಗಿ ನಿಂತು, ತುಟಿ ಬಿಚ್ಚದೆ ನೋಡಿದಳು. ಕೊಳವೆಯ ಮೇಲಿನ ಪಟ್ಟಿ ಬದಲಿಸುವಾಗ ಚರ್ಮಕ್ಕೆ ಬಳಿದ ಕ್ರಿಮಿನಾಶಕ ಔಷಧಿ ತಾನಾಗಿ ಒಣಗುವವರೆಗೆ ಅರ್ಧ ನಿಮಿಷ ಕಾಯಬೇಕು. ಇಲ್ಲಿ ಯಾರಿಗೂ ಅಷ್ಟು ತಾಳ್ಮೆ ಇರಲಿಲ್ಲ. ಮಾಸ್ಕ್ ಇಳಿಸಿ 'ಉಫ್' ಎಂದು ಊದಿಬಿಡುತ್ತಿದ್ದರು, ಎಂಟಕ್ಕೆ ಎಂಟೂ ಮಂದಿ. ಆ ಎಂಟು ಮಂದಿಗೂ ಗುರು ಒಬ್ಬರೇ: ಇಪ್ಪತ್ತಾರು ವರ್ಷ ಸರ್ವಿಸಿನ ಹೆಡ್ ಸಿಸ್ಟರ್. ಅಂದರೆ, ಅವಳ ಅತ್ತೆ.

ಅಡುಗೆಗೆ ಉಪ್ಪು ಹೆಚ್ಚಾದರೆ ಎರಡು ಲೋಟ ನೀರು ಕುಡಿದು ಸುಮ್ಮನಾಗುವ ಜಾಯಮಾನ ಅವಳದು. ಮದುವೆಯಾದ ನಾಲ್ಕು ವರ್ಷದಲ್ಲಿ ಅತ್ತೆಗೆ ಒಂದು ಮಾತು ತಿರುಗಿ ಆಡಿದವಳಲ್ಲ. ಆದರೆ ಇವತ್ತೂ ಸುಮ್ಮನಿದ್ದರೆ, ನಾಳೆ ನಾಲ್ಕನೆಯವರಿಗೂ ನಂಜೇರೀತು.

“ತಪ್ಪು ಕಂಡ್ರೆ ಯಾರೇ ಆಗ್ಲಿ, 'ನಿಲ್ಲಿಸಿ' ಅನ್ಬೇಕು,” ಎಂದು ಗೊಂಬೆಯ ಸುತ್ತ ನೆರೆದ ನರ್ಸುಗಳಿಗೆ ನಿಯಮ ಹೇಳಿದಳು.

“ನೋಡ್ಕೊಳ್ರೇ, ಪಳಗಿದ ಕೈ ಇದು,” ಎನ್ನುತ್ತ ಅತ್ತೆ ಕೈ ತೊಳೆದರು, ಗ್ಲೌಸ್ ಹಾಕಿದರು, ಬೆಣ್ಣೆಯಿಂದ ಕೂದಲು ತೆಗೆದಂತೆ ಹಳೆಯ ಪಟ್ಟಿ ತೆಗೆದು ಔಷಧಿ ಬಳಿದರು. ಆಮೇಲೆ ಮುಂಗೈಯಿಂದ ಮಾಸ್ಕ್ ಜಾರಿಸಿದರು.

“ನಿಲ್ಲಿಸಿ.” ಅದು ಅವಳಿಗೇ ಕೇಳಿಸಲಿಲ್ಲ.

ಉಫ್.

“ಅತ್ತೇ, ನಿಲ್ಲಿಸಿ!”

ಹಿಂದಿನಿಂದ ಯಾರೋ, “ಇವತ್ತು ರಾತ್ರಿ ಇವಳಿಗೆ ಊಟ ಇಲ್ಲ ಬಿಡು,” ಎಂದು ಪಿಸುಗುಟ್ಟಿದರು.

“ಏನೇ, ನಿಂಗೂ ಬಾಯಿ ಇದ್ಯಾ?”

“ಇದೆ ಅತ್ತೆ. ಅದ್ರಲ್ಲಿ ಕ್ರಿಮೀನೂ ಇವೆ. ನಿಮ್ಮ ಬಾಯಲ್ಲೂ.”

“ನನ್ನ ಬಾಯಲ್ಲಿ!”

“ಎಲ್ರ ಬಾಯಲ್ಲೂ. ಮೊದ್ಲಿಂದ ಮಾಡಿ.”

ಎರಡನೆಯ ಸಲವೂ ಉಫ್. ಹುಟ್ಟುಗುಣ ಸುಟ್ಟರೂ ಹೋಗದು. ಮೂರನೆಯ ಸಲ ಊದಲಿಲ್ಲ, ಪಕ್ಕದಲ್ಲಿದ್ದ ಫೈಲು ಎತ್ತಿಕೊಂಡು ಬೀಸಿದರು.

“ನಿಲ್ಲಿಸಿ.”

“ಇದು ಬಾಯಲ್ವಲ್ಲೇ!”

“ಫೈಲಿನ ಧೂಳು ಬಾಯಿಗಿಂತ ಹಳೇದು ಅತ್ತೆ.”

ನಾಲ್ಕನೆಯ ಸಲ ಅತ್ತೆ ಉಸಿರು ಬಿಗಿಹಿಡಿದು ನಿಂತರು. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ಉಬ್ಬಿದ್ದವು.

“ಉಸಿರಾಡ್ಬಹುದು ಅತ್ತೆ. ಊದ್ಬಾರ್ದು ಅಷ್ಟೇ.”

ಅತ್ತೆ ತಲೆಯಾಡಿಸಿ ಬೇಡವೆಂದರು. ಬಿಟ್ಟ ಉಸಿರು ಎತ್ತ ಹೋಗುತ್ತದೋ ಅವರಿಗೇ ನಂಬಿಕೆ ಇರಲಿಲ್ಲ. ಇಬ್ಬರ ನಡುವೆ ಮನೆಯಲ್ಲಿ ಇದಕ್ಕಿಂತ ಉದ್ದದ ಮೌನಗಳು ಎಷ್ಟೋ ಆಗಿಹೋಗಿದ್ದವು. ಆದರೆ ಮೌನವೊಂದು ಮುಗಿಯಲೆಂದು ಅತ್ತೆ ಕಾದದ್ದು ಇದೇ ಮೊದಲು. ಔಷಧಿ ಒಣಗಿತು. ಹೊಸ ಪಟ್ಟಿ ಕೂತಿತು. ಅತ್ತೆ ಕುಲುಮೆಯ ತಿದಿಯಂತೆ ಉಸಿರು ಬಿಟ್ಟರು.

ಮಧ್ಯಾಹ್ನ ನಿಜವಾದ ರೋಗಿಯ ಪಟ್ಟಿ ಬದಲಿಸುವ ಹೊತ್ತಿಗೆ ಅತ್ತೆ ಸೊಸೆಯನ್ನು ಕೂಗಿ ಕರೆದರು.

“ಇಲ್ಲೇ ನಿಂತ್ಕೊಂಡು ನನ್ನ ಬಾಯಿ ಕಾಯಿ. ಇಪ್ಪತ್ತಾರು ವರ್ಷದ ಚಟ, ಮತ್ತೆ ಊದಿಬಿಟ್ಟೇನು.”

“ನಿಮಗೆ ಬೇಜಾರಿಲ್ವಾ ಅತ್ತೆ?”

“ಬೇಜಾರು ಮನೆಗೆ ಹೋದ್ಮೇಲೆ ಮಾಡ್ಕೋತೀನಿ. ಈಗ ಮೂವತ್ತರವರೆಗೆ ಎಣಿಸು. ಗಟ್ಟಿಯಾಗಿ.”

ಸೊಸೆ ಗಟ್ಟಿಯಾಗಿಯೇ ಎಣಿಸಿದಳು.