ಅಕ್ಕಣಿ ಹತ್ತಿಳಿದ ಹಲಗೆ

೧೯೭೧ರ ನವೆಂಬರ್ ಹದಿನಾಲ್ಕು, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಗರಗಸದ ಕೊನೆಯ ಎಳೆತಕ್ಕೆ ಹೆಬ್ಬಲಸಿನ ದಿಮ್ಮಿಯಿಂದ ನಾನು ಬೇರೆಯಾದೆ. ಒಂಬತ್ತು ಅಡಿ ಉದ್ದ, ಹನ್ನೊಂದು ಅಂಗುಲ ಅಗಲ. ಬಡಗಿ ನನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ನೋಡಿ, "ಇದ್ ದೋಣಿಗಾತ್" ಎಂದ.

ದೋಣಿಗೆ ಆಗಲಿಲ್ಲ. ದೋಣಿಗೂ ನೆಲಕ್ಕೂ ನಡುವಿನ ವಸ್ತುವಾದೆ. ಬಚ್ಚ ಮರಕಾಲನ ಲಾಂಚು ಪೇಟೆಯ ದಕ್ಕೆಯಿಂದ ಹೊರಟು, ಹೊಳೆ ಕಡಲು ಸೇರುವಲ್ಲಿನ ಮೂರು ಕುದ್ರುಗಳನ್ನು ಸುತ್ತಿ ಬರುತ್ತಿತ್ತು. ಕುದ್ರು ಎಂದರೆ ಹೊಳೆ ನಡುವಿನ ದ್ವೀಪ. ಪ್ರತಿ ಕುದ್ರುವಿನಲ್ಲೂ ಬಚ್ಚ ನನ್ನನ್ನು ಲಾಂಚಿನಿಂದ ದಕ್ಕೆಗೆ ಚಾಚುತ್ತಿದ್ದ. ಜನ ನನ್ನ ಮೇಲೆ ನಡೆದು ಇಳಿಯುತ್ತಿದ್ದರು, ಹತ್ತುತ್ತಿದ್ದರು. ಮನುಷ್ಯರನ್ನು ನಾನು ನೋಡಿದ್ದೆಲ್ಲ ಕೆಳಗಿನಿಂದ. ಮೊದಲು ಅಂಗಾಲು, ಆಮೇಲೆ ಮುಖ.

ಭಾರ ಬಂದಾಗ ಮರ ಬಾಗುತ್ತದೆ, ಹೋದಾಗ ಮರಳುತ್ತದೆ. ಆದರೆ ಪೂರ್ತಿ ಮರಳುವುದಿಲ್ಲ, ಪ್ರತಿ ಸಲವೂ ಕೂದಲೆಳೆಯಷ್ಟು ಬಾಗು ಉಳಿಯುತ್ತದೆ. ಅದಕ್ಕಾಗಿಯೇ ಪ್ರತಿ ಮಳೆಗಾಲ ಕಳೆದ ಮೇಲೆ ಬಚ್ಚ ನನ್ನನ್ನು ಮಗುಚಿ ಹಾಕುತ್ತಿದ್ದ. ಎರಡೂ ಮೈ ಸಮನಾಗಿ ಸವೆಯಬೇಕು ಎನ್ನುವುದು ಅವನ ಲೆಕ್ಕ.

ಲಾಂಚಿನಲ್ಲಿ ಒಂದು ಪದ್ಧತಿಯಿತ್ತು. ಬಚ್ಚ ನನ್ನನ್ನು ಒಳಗೆಳೆಯುವ ಮುಂಚೆ ಮರಳಿ ಬಂದವರಿಗೆ ಹೊಸ ಟಿಕೀಟು ಬೇಡ. ಒಂದೇ ಟಿಕೀಟಿಗಾಗುವಷ್ಟು ಕಾಸಿದ್ದವರೂ ಹೀಗೆ ಕುದ್ರುವಿನಿಂದ ಕುದ್ರುವಿಗೆ ಹಾರುತ್ತ, ತೆಂಗಿನಕಾಯಿ ಮೂಟೆ ಏರುವಷ್ಟು ಹೊತ್ತು ಒಂದೊಂದು ನೆಲ ಮೆಟ್ಟಿ, ಸಂಜೆಗೆ ಮನೆ ಸೇರುತ್ತಿದ್ದರು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿದವಳು ಅಕ್ಕಣಿ. ಹೊಳೆಯಲ್ಲಿ ಮಳಿಚಿಪ್ಪು ಹೆಕ್ಕಿ ಬದುಕುತ್ತಿದ್ದ ವಿಧವೆ. ಅವಳ ಮೂವರು ಹೆಣ್ಣುಮಕ್ಕಳು ಮೂರು ಕುದ್ರುಗಳಲ್ಲಿದ್ದರು. ಪ್ರತಿ ಶನಿವಾರ ಒಂದೇ ಟಿಕೀಟಿನಲ್ಲಿ ಮೂವರನ್ನೂ ನೋಡಲು ಹೊರಡುತ್ತಿದ್ದಳು.

"ಒಂದ್ ಟಿಕೀಟಂಗೆ ಮೂರ್ ಮಕ್ಕಳ್ ಮನಿ! ಲಾಂಚ್ ಮುಳ್ಗಿಸ್ತ್ರಿ ಅಕ್ಕಣಿಯಕ್ಕ" ಎಂದು ಬಚ್ಚ ರೇಗಿಸುತ್ತಿದ್ದ.

"ಮುಳ್ಗುದಾರೆ ನಿನ್ ಹೊಟ್ಟಿ ಭಾರಕ್ಕೆ ಮುಳ್ಗುತ್ ಮಾರಾಯ, ನನ್ ಭಾರಕ್ಕಲ್ಲ."

ನಿಜ, ಅವಳದು ಹಗುರ ನಡೆ. ಬಲಗಾಲು ತುಸು ಎಳೆಯುತ್ತಿತ್ತು. ಮೊದಲೆರಡು ಕುದ್ರುಗಳಲ್ಲಿ ಮಕ್ಕಳು ದಕ್ಕೆಗೇ ಬಂದು ಕಾಯುತ್ತಿದ್ದರು. ಮೂರನೆಯದಾದ ಮರ್ಳಕುದ್ರುವಿನಲ್ಲಿ ಯಾರೂ ಇರುತ್ತಿರಲಿಲ್ಲ.

ಅಲ್ಲಿದ್ದವಳು ಕಿರಿಯವಳು, ಜಲಜ. ತಾಯಿ ಬೇಡವೆಂದ ಸದಾನಂದನನ್ನೇ ಅವಳು ಮದುವೆಯಾದಾಗ, ಅಕ್ಕಣಿ ಹತ್ತು ಜನರೆದುರು ದೇವರ ಮೇಲೆ ಆಣೆ ಇಟ್ಟು, "ಸಾಯುವರಿಗೂ, ಸತ್ತ್ ಮೇಲೂ, ನಿನ್ ಮನಿ ಹೊಸ್ತಿಲ್ ತುಳಿತಿಲ್ಲೆ" ಎಂದಿದ್ದಳು. ಸಿಟ್ಟು ವರ್ಷದೊಳಗೆ ಕರಗಿತು. ಆಣೆ ಕರಗಲಿಲ್ಲ. ಹಾಗಾಗಿ ಅವಳು ದಕ್ಕೆಯ ತನಕ ಬಂದು, ನನ್ನ ತುದಿಯಲ್ಲಿ ನಿಂತು, ತೆಂಗಿನ ಮರಗಳ ಸಂದಿನಲ್ಲಿ ಕಾಣುವ ಮನೆಯನ್ನು ನೋಡುತ್ತಿದ್ದಳು. ಜಲಜಳಿಗೂ ಹಟ. "ಮನಿಗ್ ಬಪ್ಪುಕಾಗ್ದಿದ್ರ್ ದಕ್ಕೆಗ್ಯಾಕ್ ಬತ್ರ್?" ಎಂದು ಅಕ್ಕಂದಿರ ಬಳಿ ಹೇಳಿ ಕಳಿಸಿದ್ದಳಂತೆ. ಮೂಟೆಗಳು ಏರಿದ ಮೇಲೆ ಬಚ್ಚ ಮೆಲ್ಲಗೆ ಕರೆಯುತ್ತಿದ್ದ: "ಅಕ್ಕಣಿಯಕ್ಕ, ಹೊತ್ತಾಯ್ತ್, ಬನ್ನಿ."

ಒಂದು ಆಷಾಢದಲ್ಲಿ ಅಕ್ಕಣಿ ಎರಡನೆಯ ಮಗಳ ಮನೆಯಲ್ಲಿ ಜ್ವರದಿಂದ ತೀರಿಕೊಂಡಳು. ಕುದ್ರುಗಳಲ್ಲಿ ಸುಡುವ ಜಾಗವಿಲ್ಲ, ದೇಹ ಪೇಟೆಯ ದಡಕ್ಕೆ ಬರಬೇಕು. ಹೆಣ ಹೊತ್ತ ಲಾಂಚು ನಡುವೆ ಎಲ್ಲೂ ನಿಲ್ಲಬಾರದು. ಮರ್ಳಕುದ್ರುವಿನ ದಕ್ಕೆಯಲ್ಲಿ ಜಲಜ ಮಳೆಯಲ್ಲಿ ನಿಂತಿದ್ದಳು, ಮೊದಲ ಸಲ. ಲಾಂಚು ಅವಳನ್ನು ದಾಟಿ ಮುಂದೆ ಹೋಯಿತು.

ಹೆಣ ಇಳಿಸಿದ ಮೇಲೆ ಹಲಗೆಯನ್ನು ಮಗುಚಬೇಕು, ಇಲ್ಲದಿದ್ದರೆ ಹೋದವರು ಅದೇ ಹೆಜ್ಜೆ ಹಿಡಿದು ಮರಳುತ್ತಾರೆ ಎಂದು ಅಲ್ಲಿಯವರ ನಂಬಿಕೆ. ಬಚ್ಚ ಮಗುಚಿದ. ಆದರೆ ಅಷ್ಟು ವರ್ಷ ಅವನೇ ನನ್ನನ್ನು ತಿರುಗಿಸುತ್ತ ಬಂದಿದ್ದ. ಅಕ್ಕಣಿಗೆ ನನ್ನ ಎರಡೂ ಮೈಗಳು ಗೊತ್ತಿದ್ದವು.

ಮುಂದಿನ ಶನಿವಾರ ಮರ್ಳಕುದ್ರುವಿನಲ್ಲಿ ಎಲ್ಲರೂ ಇಳಿದಾದ ಮೇಲೆ ನಾನು ಬಾಗಿದೆ. ಹಗುರವಾದ ಒಂದು ಪಾದ. ಅದರ ಹಿಂದೆ, ತುಸು ಎಳೆಯುತ್ತ, ಇನ್ನೊಂದು. ತುದಿಗೆ ಹೋಗಿ ನಿಂತಿತು. ಮೇಲೆ ಯಾರೂ ಇರಲಿಲ್ಲ. ಅಲೆಗೆ ಲಾಂಚು ಏರಿಳಿದರೂ ಹಲಗೆ ಅಲುಗುತ್ತದೆ, ಆ ಅಲುಗಾಟ ನನಗೆ ಗೊತ್ತು. ಇದು ಅದಲ್ಲ. ಬಚ್ಚ ನನ್ನನ್ನೇ ನೋಡುತ್ತ ನಿಂತ. ಮೂಟೆಗಳು ಏರಿದ ಮೇಲೆ ಅವನ ಗಂಟಲಿಂದ ಹಳೆಯ ಮಾತೇ ಬಂತು: "ಅಕ್ಕಣಿಯಕ್ಕ, ಹೊತ್ತಾಯ್ತ್, ಬನ್ನಿ." ಭಾರ ಹಿಂದಕ್ಕೆ ಸರಿಯಿತು.

ಸುದ್ದಿ ಜಲಜಳಿಗೆ ಮುಟ್ಟಿತು. ಮರುವಾರ ಬಂದವಳು, "ಹಲ್ಗಿ ಲಡ್ಡಾಯ್ತ್ ಬಚ್ಚಣ್ಣ, ಬ್ಯಾರೆ ಹಾಕಿ" ಎಂದು ನಗಲು ನೋಡಿದಳು. ಬಳಿಕ ಬಗ್ಗಿ ನನ್ನ ತುದಿಯ ಮೇಲೆ ಅಂಗೈ ಇಟ್ಟಳು. ಕೈ ತೆಗೆಯಲಿಲ್ಲ.

"ಅಬ್ಬಿ, ಮನಿಗ್ ಬನ್ನಿ" ಎಂದು ತಾಯಿಯನ್ನು ಕರೆದಳು.

ನಾನು ಬಾಗಿಯೇ ಇದ್ದೆ.

ಅಂದಿನಿಂದ ಅವಳು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಪ್ರತಿ ಸಲವೂ ಕರೆದಳು. ಪ್ರತಿ ಸಲವೂ ಭಾರ ಲಾಂಚಿನ ಕಡೆಗೇ ಮರಳಿತು. ಹೀಗೆ ಅವಳ ಕೂದಲು ನೆರೆಯಿತು.

ಆಮೇಲೆ ಕುದ್ರುಗಳಿಗೆ ಸೇತುವೆಯಾಯಿತು. ಲಾಂಚನ್ನು ಗುಜರಿಯವರು ಒಡೆಯುವುದೆಂದಾಯಿತು. ಜಲಜ ಮುದುಕ ಬಚ್ಚನೆದುರು ನಿಂತು, "ಲಾಂಚೇ ಇಲ್ದಿರ್ ನಮ್ಮಬ್ಬಿ ಎಲ್ಲ್ ಬಂದ್ ನಿಲ್ಲೂದ್ ಬಚ್ಚಣ್ಣ?" ಎಂದು ಅತ್ತಳು.

ಕೊನೆಯ ಶನಿವಾರ ಬಚ್ಚ ನನ್ನನ್ನು ಎಂದಿನಂತೆ ಚಾಚಿದ. ತುದಿಗೆ ಭಾರ ಬಂದು ನಿಂತಿತು. ಅವನು ಕರೆಯಲಿಲ್ಲ. ಜಲಜಳ ಜೊತೆ ದಕ್ಕೆಗೆ ಬಂದಿದ್ದ ಸದಾನಂದನಿಗೆ ಸನ್ನೆ ಮಾಡಿದ.

"ಅಕ್ಕಣಿಯಕ್ಕ ತುಳಿತಿಲ್ಲೆ ಅಂದದ್ದ್ ಅಲ್ದಾ? ಹೊತ್ಕಂಡ್ ಹೋಪ್ದ್ ಬ್ಯಾಡ ಅಂದದ್ದಿಲ್ಲೆ. ಹಿಡಿ ಆ ಬದಿ."

ಇಬ್ಬರೂ ನನ್ನನ್ನು ಹೆಗಲಿಗೇರಿಸಿದರು. ಸದಾನಂದ ಹತ್ತು ಹೆಜ್ಜೆಗೇ ಬೆವರಿದ. "ಇದೆಂತ ಈ ನಮನಿ ಭಾರ!"

"ಮಾತಾಡ್ಬ್ಯಾಡ. ಅತ್ತಿ ಕೇಣ್ತ್ರ್" ಎಂದ ಬಚ್ಚ.

ಹೊಸ್ತಿಲಿನ ಮೇಲಿಂದ, ಅದಕ್ಕೆ ತಾಗಿಸದೆ, ನನ್ನನ್ನು ಒಳಗೆ ಒಯ್ದರು. ಜಲಜ ಒಲೆ ಹೊತ್ತಿಸಿ ಮೂರು ಲೋಟ ಚಾ ಸಾಕಾಗುವಲ್ಲಿ ನಾಲ್ಕು ಮಾಡಿದಳು.

ಈಗ ನಾನು ಅವಳ ಚಾವಡಿಯಲ್ಲಿ, ಎರಡು ಕೆಂಪುಕಲ್ಲುಗಳ ಮೇಲೆ ಮಲಗಿದ್ದೇನೆ. ಉಪ್ಪುನೀರು ನನ್ನಿಂದ ಪೂರ್ತಿ ಆರಿಹೋಗಿದೆ. ಹಳೆಯ ಮರ ತನ್ನಷ್ಟಕ್ಕೇ ಬಾಗುವುದುಂಟು, ಬಲ್ಲೆ. ಆದರೆ ಎತ್ತ ಬಾಗಬೇಕೆಂಬುದಕ್ಕೂ ನಿಯಮವಿದೆ, ಭಾರ ಇರುವ ಕಡೆಗೆ. ಜಲಜ ಅಕ್ಕಿ ಆರಿಸಲು ಕೂರುವುದು ಬಾಗಿಲ ಕಡೆಯ ಅರ್ಧದಲ್ಲಿ. ಒಲೆಯ ಕಡೆಯ ಅರ್ಧದಲ್ಲಿ ಅವಳು ಯಾರನ್ನೂ ಕೂರಗೊಡುವುದಿಲ್ಲ. ಮೊನ್ನೆ ಸದಾನಂದ ಎರಡೂ ತುದಿಗೆ ನೂಲು ಬಿಗಿದು ಅಳೆದ. ಬಾಗಿಲ ಕಡೆ ಬಾಗು ಕಾಲು ಅಂಗುಲ. ಒಲೆಯ ಕಡೆ ಒಂದೂಕಾಲು ಅಂಗುಲ.