ಫೈವಿಶ್ ಕಿತ್ತ ಹಗ್ಗ

ಫೈವಿಶ್ ಕೈಗೆ ಏನನ್ನೂ ಕೊಡಬಾರದು ಅಂತ ನಮ್ಮ ಯಹೂದಿ ಕೇರಿಯಲ್ಲಿ ಎಳೆ ಮಕ್ಕಳಿಗೂ ಗೊತ್ತು. ನಾನು ರೊಟ್ಟಿ ಸುಡುವ ಒಲೆಮನೆಗೂ ಅವನ ಮನೆಗೂ ಒಂದೇ ಅಂಗಳ, ಒಂದೇ ಬೇಲಿ. ಅವನು ಒಡೆದದ್ದರ ಸದ್ದೆಲ್ಲ ಮೊದಲು ನನ್ನ ಕಿವಿಗೇ ಬೀಳೋದು.

ಆ ಶುಕ್ರವಾರ ಅವನ ಮಗಳು ಗಿಟ್ಟೆಲ್‌ಳನ್ನು ನೋಡೋಕೆ ಲುಬ್ಲಿನ್ ಕಡೆಯ ಗಿರಣಿ ಕೊಪ್ಪೆಲ್ ತನ್ನ ಮಗನ ಜೊತೆ ಬಂದಿಳಿದ. ಹುಡುಗ ಒಪ್ಪಿದ. ಅಪ್ಪ ಮಾತ್ರ, "ನಾಳೆ ಸಬ್ಬತ್ ಊಟ ಆಗ್ಲಿ, ಮನೆತನ ನೋಡಿ ಹೇಳ್ತೀನಿ," ಅಂದುಬಿಟ್ಟ. ಆಗಲೇ ಎರಡು ಸಂಬಂಧ ಮುರಿದಿದ್ದವು. ಇದೂ ತಪ್ಪಿದರೆ ಆ ಹುಡುಗಿ ಗತಿ ಏನು?

ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಸಂಜೆವರೆಗೆ ಸಬ್ಬತ್ತು, ನಮ್ಮ ಬಿಡುವಿನ ದಿನ. ಆಗ ಯಾವ ಕೆಲಸವೂ ಇಲ್ಲ, ಒಲೆಯನ್ನೂ ಹೊತ್ತಿಸುವ ಹಾಗಿಲ್ಲವಲ್ಲ, ಅದಕ್ಕೇ ಶುಕ್ರವಾರ ಸಂಜೆಯೇ ಊರಿನ ಅಡುಗೆ ಮಡಕೆಗಳೆಲ್ಲ ರಾತ್ರಿಯಿಡೀ ಕಾವಿರುವ ನನ್ನ ಒಲೆ ಸೇರುತ್ತವೆ. ಮಾರನೇ ಮಧ್ಯಾಹ್ನ ಬಿಸಿಬಿಸಿಯಾಗಿ ಮನೆಗೆ ಹೋಗುತ್ತವೆ. ಫೈವಿಶ್ ತನ್ನ ಮಡಕೆ ತಂದ, ಹೊಸ್ತಿಲು ಎಡವಿದ. ಬಾರ್ಲಿ, ಕಾಳು, ಎಲುಬು ಎಲ್ಲ ನನ್ನ ಕಾಲ ಮೇಲೆ!

"ನಿನ್ ಕೈ ಸೇದೋಗ!" ಅಂದೆ.

"ಬೈಬೇಡ ಶಿಫ್ರಕ್ಕ, ನೆಂಟರ ಕುದುರೆಗಾದ್ರೂ ಹುಲ್ಲು ತರ್ತೀನಿ," ಅಂತ ಓಡಿದ. ತಂದ, ಗಾಡಿ ತುಂಬ ತಂದ. ಆ ರಾಶಿ ಊರ ಬಾಗಿಲ ಮೇಲಿನ ಹಗ್ಗಕ್ಕೆ ಸಿಕ್ಕಿಕೊಂಡು ಹಗ್ಗ ಫಟ್ ಅಂತ ಕಿತ್ತುಹೋಯಿತು.

ಊರ ಸುತ್ತ ಆ ಹಗ್ಗ ಇದ್ದರೆ ಊರೆಲ್ಲ ಒಂದೇ ಮನೆ ಇದ್ದ ಹಾಗೆ. ಸಬ್ಬತ್ತಿನಲ್ಲೂ ಸಾಮಾನು ಹೊತ್ತು ಓಡಾಡಬಹುದು. ಕಿತ್ತರೆ, ಅಂಗಳ ದಾಟಿ ಒಂದು ಕರವಸ್ತ್ರವನ್ನೂ ಒಯ್ಯುವ ಹಾಗಿಲ್ಲ. ಕಟ್ಟೋಣ ಅಂದರೆ ಹೊತ್ತು ಮುಳುಗಿ ಸಬ್ಬತ್ತು ಶುರುವಾಗಿತ್ತು.

ಮಾರನೇ ದಿನ ಪ್ರಾರ್ಥನೆ ಮುಗಿಸಿ ಊರಿಗೆ ಊರೇ ನನ್ನ ಅಂಗಳಕ್ಕೆ ಬಂತು. ಮಡಕೆಗಳು ಘಮಘಮ ಅನ್ನುತ್ತಿವೆ, ಮನೆಗೆ ಒಯ್ಯುವ ಹಾಗಿಲ್ಲ. ಮರದ ವ್ಯಾಪಾರಿ ಓಜರ್ ಅಂತೂ ಫೈವಿಶ್‌ಗೆ ಹಿಡಿಶಾಪ ಹಾಕುತ್ತಿದ್ದ. ನನಗೆ ರೇಗಿತು.

"ಬಾಯ್ಮುಚ್ಚೋ ಓಜರ್! ಮಡಕೆ ಅಂಗಳ ದಾಟಬಾರದು ತಾನೆ? ಫೈವಿಶ್ ಮನೆ ಅಂಗಳದೊಳಗೇ ಇದೆ. ಅಲ್ಲೇ ಕೂತು ತಿನ್ನಿ!"

ನಮ್ಮ ಧರ್ಮಗುರು ರಬ್ಬಿ ಗಡ್ಡ ನೀವಿಕೊಂಡು "ತಪ್ಪೇನಿಲ್ಲ" ಅಂದರು. ಅವರಿಗೂ ಹಸಿವಾಗಿತ್ತು.

ಖಾಲಿ ಮೇಜಿನ ಮುಂದೆ, ನೆಂಟರ ಮುಖ ನೋಡಲಾರದೆ ಫೈವಿಶ್ ಕೂತಿದ್ದ. ಮಡಕೆ ಹಿಂದೆ ಮಡಕೆ ಬಂತು. ಓಜರ್‌ನ ಮಡಕೆಯಲ್ಲಿ ಬೆಂದ ಹೆಬ್ಬಾತು ಮೇಜಿನ ನಟ್ಟನಡುವೆ ಕೂತಿತು.

ಕೊಪ್ಪೆಲ್ ಕಣ್ಣರಳಿಸಿದ. "ಏನ್ರೀ ಫೈವಿಶ್, ಊರೆಲ್ಲ ನಿಮ್ಮನೇಲೇ ಊಟ ಮಾಡುತ್ತಾ?"

ಹೂಂ ಅನ್ನೋ ಮಾರಾಯ ಅಂತ ನಾನು ಕಣ್ಸನ್ನೆ ಮಾಡಿದೆ. ಆ ಪೆದ್ದ ನಿಜ ಕಕ್ಕಿಬಿಟ್ಟ!

"ಇಲ್ಲ ಸ್ವಾಮಿ. ನನ್ನ ಮಡಕೆ ನಾನೇ ಒಡೆದೆ. ಊರ ಹಗ್ಗಾನೂ ನಾನೇ ಕಿತ್ತೆ. ಪಾಪ, ಇವರು ಬೇರೆ ದಾರಿಯಿಲ್ದೆ ಬಂದಿದಾರೆ."

ಗಿಟ್ಟೆಲ್ ಮುಖ ಬಿಳಿಚಿಕೊಂಡಿತು. ಹೋಯ್ತು, ಈ ಸಂಬಂಧಾನೂ ಹೋಯ್ತು ಅಂದುಕೊಂಡೆ.

ಕೊಪ್ಪೆಲ್ ಹೆಬ್ಬಾತಿನ ಕಾಲು ತಟ್ಟೆಗಿಟ್ಟ. "ನಾನು ಹಗ್ಗ ಕಿತ್ತಿದ್ರೆ ನಮ್ಮೂರೋರು ಉಪವಾಸ ಇರ್ತಿದ್ರು, ನನ್ನ ಹೊಸ್ತಿಲು ಮಾತ್ರ ತುಳೀತಿರ್ಲಿಲ್ಲ. ನಿಮ್ಮೋರು ಬೈಕೊಂಡೇ ಬಂದು ನಿಮಗೇ ಬಡಿಸ್ತಿದಾರೆ. ಇದಕ್ಕಿಂತ ಮನೆತನ ಇನ್ನೇನು ನೋಡ್ಲಿ, ಬೀಗರೇ?"

ಬೀಗರೇ ಅಂದ! ನಾನು ಅಳುತ್ತಲೇ ಓಜರ್‌ಗೆ ಇನ್ನೊಂದು ಸೌಟು ಬಡಿಸಿದೆ.

ನಕ್ಷತ್ರ ಮೂಡಿ ಸಬ್ಬತ್ತು ಮುಗಿದದ್ದೇ ನಿಶ್ಚಿತಾರ್ಥ. ಮಾತು ಗಟ್ಟಿಯಾಯಿತು ಅನ್ನೋದಕ್ಕೆ ನಮ್ಮಲ್ಲಿ ಒಂದು ತಟ್ಟೆ ಒಡೆಯಬೇಕು. "ಮೇಲಿಂದ ಆ ಪಿಂಗಾಣಿ ತಟ್ಟೆ ಇಳಿಸೋ ಫೈವಿಶ್," ಅಂದೆ. ಇಳಿಸುವಾಗಲೇ ಕೈಜಾರಿ, ಫಳಾರ್!

ಫೈವಿಶ್ ಅಭ್ಯಾಸಬಲದಿಂದ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

"ಮಜಲ್ ತೋವ್!" ಅಂತ ಸೂರು ಹಾರುವ ಹಾಗೆ ಊರೇ ಹರಸಿ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಓಜರ್.